ಕರೆಂಟ್ ಹೋದರೆ ನಗುತ್ತಿದ್ದ ಮೇಷ್ಟ್ರು

ಅವರ ಬಲಗಿವಿಯ ಹಿಂದೆ ಸದಾ ಒಂದು ಹಸಿರು ಕಲೆ. ಕನ್ನಡಕದ ಕಾಲು ಮುರಿದಾಗ ತಾಮ್ರದ ತಂತಿ ಸುತ್ತಿಕೊಂಡಿದ್ದರು; ಬೆವರಿಗೆ ಅದು ಕಿಲುಬು ಬಿಡುತ್ತಿತ್ತು. ಬೆಂಗಳೂರಿನಿಂದ ಬಂದ ವಿಜ್ಞಾನಿ ಅವರು, ಆದರೆ ಕೆಲಮಂಗಲದ ಹತ್ತಿರದ ನಮ್ಮೂರಿಗೆ ಬರೀ ತಂತಿ ಮೇಷ್ಟ್ರು. ಎಪ್ಪತ್ತರ ದಶಕದಲ್ಲಿ, ನಾನು ಸೊಸೆಯಾಗಿ ಬಂದ ವರ್ಷ, ನಮ್ಮ ಬೀಳು ಹೊಲದಲ್ಲಿ ಕಂಬ ನೆಟ್ಟು, ಆಂಟೆನಾ ತಂತಿ ಎಳೆದು, ಪಕ್ಕದ ಶೆಡ್ಡಿನಲ್ಲಿ ಬ್ಯಾಟರಿ ಪೆಟ್ಟಿಗೆಗಳ ನಡುವೆ ಕೂತಿರುತ್ತಿದ್ದರು. ನಮ್ಮತ್ತೆ ಮೊದಲ ದಿನವೇ ಆ ತಂತಿಗೆ ಒದ್ದೆ ಸೀರೆ ಹರವಿದರು. ಮೇಷ್ಟ್ರು ಅದು ಒಣಗುವ ತನಕ ಕಾದು, ಮಡಚಿ ತಂದುಕೊಟ್ಟರು.

"ಮೋಡ ಇಲ್ಲ, ಮಿಂಚಿಲ್ಲ, ಅದೇನ್ ಹಿಡೀತೀರಾ ಸಾಮಿ?" ಎಂದು ಮಾವ ಕೇಳಿದರು.

"ಆಕಾಶದಿಂದ ಒಂದು ಕಣ ಬಂದು ಗಾಳಿಗೆ ಬಡಿದು ಕೋಟಿ ಚೂರಾಗ್ತದೆ ಯಜಮಾನ್ರೇ. ಆ ಮಳೆ ನಮ್ಮ ಮೈಮೇಲೇ ಬೀಳ್ತದೆ, ನೆನೆಯಲ್ಲ ಅಷ್ಟೆ. ಆಗ ಚಿಟಿಕೆ ಹೊಡೆದಂಗೆ ಒಂದು ರೇಡಿಯೋ ಅಲೆ. ಅದನ್ನ ಹಿಡೀಬೇಕು."

ಆ ಅಲೆ ಶೆಡ್ಡಿನ ಯಂತ್ರದ ಪರದೆಯ ಮೇಲೆ ಒಂದು ಗೀರಾಗಿ ಮೂಡಬೇಕಿತ್ತು; ಪಂಪ್‌ಸೆಟ್ಟಿನ ಕಿಡಿಯೂ ಅಲ್ಲಿ ಅಂಥದೇ ಗೀರು ಎಳೆಯುತ್ತಿತ್ತು. ಹಾಗಾಗಿ ಕರೆಂಟ್ ಹೋದಾಗ ಊರೆಲ್ಲ ಶಾಪ ಹಾಕಿದರೆ, ಇವರೊಬ್ಬರು ನಗುತ್ತಾ ಶೆಡ್ಡಿಗೆ ಓಡುತ್ತಿದ್ದರು. ಅಯ್ಯೋ, ಆ ಓಟ ನೋಡಬೇಕಿತ್ತು!

ಬೇಸಿಗೆಯ ಕೊನೆಗೆ ಪೆಟ್ಟಿಗೆಗಳನ್ನು ವಾಪಸು ಒಯ್ಯಲು ಲಾರಿ ಬರುವುದಿತ್ತು. ಆಕಾಶದ್ದೇ ಎಂದು ಅನುಮಾನವಿಲ್ಲದ ಒಂದೇ ಒಂದು ಗೀರು ಇನ್ನೂ ಸಿಕ್ಕಿರಲಿಲ್ಲ. ಕಡೆಯ ದಿನ ಮಾವ ಮನೆಮನೆಗೆ ಹೋಗಿ ಹೇಳಿ, ಕರೆಂಟ್ ಇದ್ದರೂ ಊರಿನ ಮೋಟಾರುಗಳನ್ನೆಲ್ಲ ನಿಲ್ಲಿಸಿದರು. ನನಗೆ ಮಾತ್ರ ನನ್ನ ಹುಳುಗಳದೇ ಚಿಂತೆ. ಮದುವೆಯಾಗಿ ಬಂದು ನಾನೇ ಸಾಕಿದ ಮೊದಲ ರೇಷ್ಮೆ ಬೆಳೆ ಅದು. ಗೂಡು ಕಟ್ಟುವ ಮುಂಚಿನ ಹಸಿವಿನಲ್ಲಿ ಹುಳುಗಳು ಬಕಾಸುರನ ವಂಶದವರಂತೆ ಮೇಯುತ್ತಿದ್ದವು. ಹಿಪ್ಪುನೇರಳೆ ತೋಟ ನೀರಿಲ್ಲದೆ ಜೋತುಬಿದ್ದಿತ್ತು. ಹೊಸ ಸೊಸೆ, ಯಾರಿಗೆ ಹೇಳಲಿ?

ಬಾಡಿದ ಸೊಪ್ಪಿನ ಮಂಕರಿ ಹೊತ್ತು ಶೆಡ್ಡಿನ ಮುಂದೆ ಬಂದೆ. ಮೇಷ್ಟ್ರು ಹೊರಗೆ ಬಂದು ಒಂದೆಲೆ ಮುಟ್ಟಿ ನೋಡಿದರು. ನೇರ ಬಾವಿಗೆ ನಡೆದು ತಾವೇ ಮೋಟಾರ್ ಹಾಕಿದರು.

"ಅಯ್ಯೋ, ನಿಮ್ ಕೆಲ್ಸ ಕೆಟ್ಟೋಯ್ತದೆ ಮೇಷ್ಟ್ರೇ!" ಎಂದೆ.

"ಹುಳ ಉಪವಾಸ ಮಲಗಬಾರದು ಕಣಮ್ಮ. ಆಕಾಶ ಎಲ್ಲಿ ಓಡಿಹೋಗ್ತದೆ?"

ಮಾರನೆಯ ದಿನ ಲಾರಿ ಬಂತು. ಅವರಿಗೆ ಬೇಕಿದ್ದ ಗೀರು ಸಿಗಲೇ ಇಲ್ಲ. ನನ್ನ ಹುಳುಗಳು ಗೂಡು ಕಟ್ಟಿದವು. ಆ ಬೆಳೆಯಿಂದಲೇ ಆ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಬಂತು.

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದದ್ದು ಎಂಬತ್ತರ ದಶಕದಲ್ಲಿ, ಹೊಸೂರಿನ ಸುತ್ತ ಕಾರ್ಖಾನೆಗಳೆದ್ದ ಮೇಲೆ. ಅಂದು ಮಧ್ಯಾಹ್ನ ಕರೆಂಟ್ ಹೋಯಿತು. ಮನೆಯಲ್ಲಿ ಎಲ್ಲರೂ ಬೈದರು. ನಾನು ಅಂಗಳಕ್ಕೆ ಬಂದು, ಬೀಳು ಹೊಲದ ಕಡೆ ತಿರುಗಿ, "ಓಡಿ ಮೇಷ್ಟ್ರೇ, ಕರೆಂಟ್ ಹೋಗೈತೆ" ಎಂದೆ.