ಬಕೆಟ್ ಇಳಿಸಿದ ಜಾಗ

ಹತ್ತೊಂಬತ್ತು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಕೂಗಿದ ಅನೌನ್ಸರಮ್ಮನ ಜಾಗಕ್ಕೆ ಒಂದು ಯಂತ್ರ ಬಂದು ಕೂತಿತು. ಯಂತ್ರಕ್ಕೆ ಗಂಟಲು ಕಟ್ಟುವುದಿಲ್ಲ, ರಜೆ ಬೇಕಿಲ್ಲ; ಅದರ ಜೊತೆ ಜಗಳ ಕಾಯ್ದು ಏನು ಬಂತು? ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಗ್ರಂಥಾಲಯದಲ್ಲಿ ಓದುವವರು ಬೇಕು ಅಂತ ಗೊತ್ತಾದದ್ದೇ ಅರ್ಜಿ ಹಾಕಿದಳು. ಅವಳಿಗಿದ್ದದ್ದು ಗಂಟಲೊಂದೇ. ಇಲ್ಲೂ ಆಗದಿದ್ದರೆ ಅದನ್ನು ಮನೆಯಲ್ಲಿ ಗಂಡನ ಮೇಲೆ ಬಳಸಬೇಕಿತ್ತು.

ಪರೀಕ್ಷೆಗೆ ಒಂದು ನವ್ಯ ಕಾದಂಬರಿಯ ಪುಟ ಕೊಟ್ಟರು, ನಾಲ್ಕು ದಿನ ಗಡುವು. ಪುಟದ ತುಂಬ ಒಂದೇ ವಾಕ್ಯ, ಒಂದು ಅಲ್ಪವಿರಾಮವೂ ಇಲ್ಲ. ಒಬ್ಬ ಹೆಂಗಸು ನೀರಿನ ಬಕೆಟ್ ಹಿಡಿದು ನಾಲ್ಕನೇ ಮಹಡಿಗೆ ಹತ್ತುತ್ತಾಳೆ, ತೀರಿಹೋದ ತಂಗಿಯನ್ನು ನೆನೆಯುತ್ತಾಳೆ. ಅಷ್ಟೇ.

ಆಯ್ಕೆ ಸಮಿತಿಯಲ್ಲಿದ್ದ ನಿವೃತ್ತ ಮೇಷ್ಟ್ರು ಇದೇ ಪುಟವನ್ನು ಮೂವತ್ತು ವರ್ಷ ಪಾಠ ಮಾಡಿದವರು. ಮನೆಯ ಹಕ್ಕುಪತ್ರ ಒಪ್ಪಿಸುವಂತೆ ಅದನ್ನು ಅವಳ ಕೈಗಿಟ್ಟರು.

"ಇದು ಪ್ರಜ್ಞೆಯ ಪ್ರವಾಹ ಕಣಮ್ಮಾ. ಎಲ್ಲೂ ನಿಲ್ಲಿಸಬಾರದು."

"ಉಸಿರು ತಗೋಬೇಕಲ್ಲ ಸಾರ್?"

"ಅದು ನಿನ್ನ ಕಷ್ಟ, ಕಾದಂಬರೀದಲ್ಲ."

ಮನೆಯಲ್ಲಿ ಹನ್ನೊಂದನೇ ಸಾಲಿಗೇ ಅವಳ ದಮ್ಮು ಹೋಯಿತು. ತರಕಾರಿ ಹೆಚ್ಚುತ್ತಿದ್ದ ಗಂಡ, "ಹೊರಟ ಬಸ್ಸಿನ ಹಿಂದೆ ಓಡೋರ ಥರ ಓದ್ತೀಯಲ್ಲೇ!" ಅಂದ.

ಮೂರನೇ ದಿನ ಅವಳು ಬಕೆಟ್ ತುಂಬಿಸಿಕೊಂಡು, ಬಾಯಿಪಾಠ ಮಾಡಿದ್ದ ಪುಟವನ್ನು ಒಪ್ಪಿಸುತ್ತಾ ತಮ್ಮ ಕಟ್ಟಡದ ಮೆಟ್ಟಿಲು ಹತ್ತಿದಳು. ಕೆಳಮನೆಯ ಅಜ್ಜಿ ಇಣುಕಿದರು.

"ನಲ್ಲೀಲಿ ನೀರು ಬರ್ತಿದೆಯಲ್ಲೇ ತಾಯಿ?"

"ಗೊತ್ತು ಅಜ್ಜೀ. ಓದ್ತಾ ಇದೀನಿ."

ಅಜ್ಜಿ ಬಾಗಿಲು ಹಾಕಿ ಚಿಲಕವನ್ನೂ ಹಾಕಿಕೊಂಡರು.

ಪುಟದಲ್ಲಿ ಎರಡೆರಡು ಸಾಲಿಗೊಮ್ಮೆ ನೀರು ತುಳುಕುತ್ತದೆ, ಹಿಡಿಕೆ ಅಂಗೈ ಕೊರೆಯುತ್ತದೆ. ಮೂರನೇ ಮಹಡಿ ಬಂದ ಮೇಲೆ ಹತ್ತು ಸಾಲು ನೀರಿನ ಸುದ್ದಿಯೇ ಇಲ್ಲ; ಬರೀ ತಂಗಿಗೆ ಜಡೆ ಹೆಣೆದ ನೆನಪು. ಅನೌನ್ಸರಮ್ಮ ತನ್ನ ಕೆಂಪಾದ ಅಂಗೈ ನೋಡಿಕೊಂಡಳು. ಇಷ್ಟು ಭಾರ ಹಿಡಿದವಳಿಗೆ ಯಾರ ಜಡೆ ನೆನಪಾದೀತು? ಆ ಹೆಂಗಸು ಬಕೆಟ್ ಇಳಿಸಿದ್ದಾಳೆ! ಹಾಗಂತ ಎಲ್ಲೂ ಬರೆದಿರಲಿಲ್ಲ.

ಪರೀಕ್ಷೆಯ ದಿನ, ಕೆಲಸ ಕೊಡುವ ಅಧಿಕಾರವಿದ್ದ ಗ್ರಂಥಪಾಲಕರು ತಲೆ ತಗ್ಗಿಸಿ ಕೇಳುತ್ತಾ ಕೂತರು. ಅವರಿಗೂ ಕಣ್ಣು ಕಾಣದು. ನೀರು ತುಳುಕಿದಲ್ಲೆಲ್ಲ ಅವಳು ಚಿಕ್ಕ ಉಸಿರು ಎಳೆದುಕೊಂಡಳು. ಮೂರನೇ ಮಹಡಿಯಲ್ಲಿ ಪೂರ್ತಿ ನಿಂತಳು.

"ನಿಲ್ಲಿಸಿಬಿಟ್ಟಳು!" ಮೇಷ್ಟ್ರು ಎದ್ದೇ ನಿಂತರು. "ಮೊದಲೇ ಹೇಳಿದ್ದೆ ನಾನು!"

"ತಡೀರಿ ಮೇಷ್ಟ್ರೇ," ಅಂದರು ಗ್ರಂಥಪಾಲಕರು. "ಏನಮ್ಮಾ, ಬಕೆಟ್ ಕೆಳಗಿಟ್ಟಳಾ?"

"ಹೌದು ಸಾರ್."

ಮೇಷ್ಟ್ರು ಕನ್ನಡಕ ಏರಿಸಿ ತಮ್ಮ ಪ್ರತಿಯನ್ನು ಮೇಲಿಂದ ಕೆಳಗೆ ಜಾಲಾಡಿದರು. "ಎಲ್ಲಿ ಬರೆದಿದೆ?"

"ಬರೆದಿಲ್ಲ ಸಾರ್. ಒಂದ್ಸಲ ಬಕೆಟ್ ಹೊತ್ತು ನೋಡಿ, ಗೊತ್ತಾಗುತ್ತೆ."

ಗ್ರಂಥಪಾಲಕರು ನಕ್ಕರು. "ಸೋಮವಾರ ಬಂದುಬಿಡಮ್ಮಾ. ಮೊದಲು ಈ ಪುಸ್ತಕಾನೇ ಮುಗಿಸೋಣ."

ಮೇಷ್ಟ್ರು ಮೂವತ್ತು ವರ್ಷದ ಟಿಪ್ಪಣಿಗಳಿಂದ ಕಿಕ್ಕಿರಿದ ಅಂಚಿನಲ್ಲಿ ಒಂದಿಷ್ಟು ಜಾಗ ಹುಡುಕಿ, ಪೆನ್ಸಿಲಿನಲ್ಲಿ 'ಇಲ್ಲಿ ಬಕೆಟ್ ಇಳಿಸುತ್ತಾಳೆ' ಎಂದು ಬರೆದು, ಕೆಳಗೆ ತಮ್ಮ ಸಹಿ ಹಾಕಿದರು.