ಶನಿವಾರದ ಕಟಕಟೆಯಲ್ಲಿ ರಾಮರಾಯ

ಮೊನ್ನೆ ಮದರಾಸಿನ ಅಂಗಡಿಬೀದಿಯೊಂದರಲ್ಲಿ ಹೋಗುತ್ತಿದ್ದಾಗ ಯಾರೋ ಹೊಸ ಬೆಲ್ಲದ ಮೂಟೆ ಬಿಚ್ಚಿದರು. ನನ್ನ ಕಾಲು ತಾನಾಗಿ ನಿಂತಿತು. ವಾಸನೆಗೂ ನೆನಪಿಗೂ ನಂಟಿದೆ ಎನ್ನುವವರನ್ನು ನಾನು ಸುಲಭವಾಗಿ ನಂಬುವವನಲ್ಲ. ವಾಸನೆ ಮೂಗಿನ ವ್ಯವಹಾರ, ನೆನಪು ತಲೆಯದು. ನಡುವೆ ಸಾಕ್ಷಿ ಯಾರು? ಆದರೂ ಆ ಮೂಟೆಯೊಳಗಿಂದ ಎದ್ದು ಬಂದವನು ವಿಜಯನಗರದ ಅಳಿಯ ರಾಮರಾಯ ಎಂದರೆ ನೀವು ನಂಬಬೇಕು. ಅವನ ಹಿಂದೆಯೇ, ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು, ನಮ್ಮ ಗುರುಶಾಂತ ಮೇಷ್ಟ್ರು.

ಕಾರಣ ಸರಳ. ಹೊಸಪೇಟೆಯಲ್ಲಿ ನಾನು ಓದಿದ ಶಾಲೆಯ ಬೆನ್ನಿಗೆ ಬೆಲ್ಲದ ಮಂಡಿ ಇತ್ತು. ಜಗತ್ತಿನ ಚರಿತ್ರೆಯೆಲ್ಲ ನಮಗೆ ಆ ಘಮದೊಳಗೇ, ನೊಣ ಓಡಿಸುತ್ತಲೇ ಬಂದದ್ದು. ಜರ್ಮನಿಯ ದೊರೆಯೊಬ್ಬ ಪೋಪನ ಕ್ಷಮೆಗಾಗಿ ಹಿಮದಲ್ಲಿ ಬರಿಗಾಲಲ್ಲಿ ನಿಂತ ಎಂದಾಗ, ಹಿಮ ಕಾಣದ ನಾವು ಕಣ್ಣು ಬಿಟ್ಟೆವು. ಮೇಷ್ಟ್ರು ಒಂದು ಕ್ಷಣ ಯೋಚಿಸಿ, “ಬ್ಯಾಸಿಗ್ಯಾಗ ಹಂಪಿ ಬಂಡೆಗಲ್ಲಿನ ಮ್ಯಾಲ ಮಟಮಟ ಮಧ್ಯಾಹ್ನ ಬರಿಗಾಲಾಗ ನಿಂತು ನೋಡ್ರಿ, ಹಂಗ. ಸುಡೋದೊಂದ ಬ್ಯಾರೆ” ಎಂದರು. ಅವತ್ತಿನಿಂದ ಆ ದೊರೆಯ ಅಂಗಾಲು ನನ್ನ ಅಂಗಾಲೇ ಆಗಿಬಿಟ್ಟಿತು.

ಶನಿವಾರದ ಕೊನೆಯ ಗಂಟೆ ಪಾಠವಿರುತ್ತಿರಲಿಲ್ಲ, ವಿಚಾರಣೆ ಇರುತ್ತಿತ್ತು. ಮಧ್ಯಯುಗದ ಯಾರನ್ನಾದರೂ ಹಿಡಿದು ತಂದು ಕಟಕಟೆಗೆ ನಿಲ್ಲಿಸುತ್ತಿದ್ದರು. ಒಂದು ವಾರ ಜೆರೂಸಲೆಮ್ ಗೆದ್ದ ಸಲಾದಿನ್, ಇನ್ನೊಂದು ವಾರ ಚೆಂಗೀಸ್ ಖಾನ್. ನಿಯಮ ಒಂದೇ, ಅದೂ ನಮ್ಮ ಹಳೆಯ ಶಾಸ್ತ್ರದವರದು: ಮೊದಲು ಪೂರ್ವಪಕ್ಷ. ನಿನ್ನ ಎದುರಾಳಿಯ ವಾದವನ್ನು ನೀನೇ ಹೇಳಬೇಕು. ಅವನು “ಹೌದು, ಇದೇ ನನ್ನ ಮಾತು” ಎಂದು ತಲೆಯಾಡಿಸುವ ತನಕ ಹೇಳಬೇಕು. ಆಮೇಲೆ ಅವನನ್ನೇ “ಉತ್ತರ ಹೇಳಲೇ?” ಎಂದು ಕೇಳಬೇಕು. ಅವನು ಹೂಂ ಅಂದರೆ ಮಾತ್ರ ನಿನ್ನ ಸರದಿ.

ನನಗೆ ಈ ನಿಯಮವೆಂದರೆ ಮೈಯುರಿ. ವಾದವೆಂದರೆ ಎದುರಾಳಿಯ ಕಾಲಡಿಯ ಚಾಪೆ ಎಳೆಯುವುದು. ಅವನಿಗೇ ಚಾಪೆ ಹಾಸಿಕೊಡುವುದು ಯಾವ ಯುದ್ಧ? ಅಲ್ಲದೆ ರಾಜರ ವಿಷಯದಲ್ಲಿ ನನ್ನದು ತೀರ್ಪಾಗಿಹೋಗಿತ್ತು. ವಿಜಯನಗರದ ರಾಯರು ಹೋದರು, ಅವರ ಕಾಲುವೆ ಇವತ್ತಿಗೂ ಹರಿದು ನಮ್ಮ ಬಾಳೆಗೆ, ಕಬ್ಬಿಗೆ ನೀರು ಕೊಡುತ್ತಿದೆ. ಹಾಗಾದರೆ ದೊಡ್ಡವರು ಯಾರು, ಕುದುರೆ ಏರಿದವರೋ ಕಾಲುವೆ ತೋಡಿದವರೋ? ಇದನ್ನು ಹೇಳಿ ನಾನು ಎದೆಯುಬ್ಬಿಸಿ ನಿಂತರೆ ಮೇಷ್ಟ್ರು, “ಮಸ್ತ್ ಐತಿ. ಈಗ ರಾಜನ ಕಡಿಂದ ಹೇಳು” ಎಂದರು.

“ಸತ್ತ ರಾಜ ತಲಿ ಹೆಂಗ ಆಡಿಸ್ತಾನ್ರಿ ಸಾರ್?” ಎಂದೆ. ತರಗತಿ ನಕ್ಕಿತು. ನಗಿಸಿದವನು ಗೆದ್ದ ಎಂಬುದು ನನ್ನ ಆಗಿನ ಸಿದ್ಧಾಂತ.

ಮೇಷ್ಟ್ರೂ ನಕ್ಕರು. “ಅವ್ರು ತಲಿ ಆಡಿಸಂಗಿಲ್ಲ ಅಂತನ ನಾವು ಇನ್ನೂ ಹುಷಾರಾಗಿ ಹೇಳಬೇಕಲೇ.”

ಈ ಶನಿವಾರಗಳೇ ಒಮ್ಮೆ ಅವರ ಕೆಲಸಕ್ಕೆ ಸಂಚಕಾರ ತಂದವು. ರಾಮರಾಯನ ಸರದಿ ಬಂದಿತ್ತು. ಅವನ ಎದುರಾಳಿಗಳು ಸುಲ್ತಾನರು. ಅವರ ಪೂರ್ವಪಕ್ಷ ಹೇಳುವ ಪಾಳಿ ಮಂಡಿಯ ಕೊಟ್ರಬಸಪ್ಪನವರ ಮಗನದು. ಪಾಪ, ಅವನು ಶುಕ್ರವಾರ ಮನೆಯಲ್ಲಿ, ಅಪ್ಪ ಊಟಕ್ಕೆ ಕೂತಾಗ ಅಭ್ಯಾಸ ಮಾಡಿದ. “ರಾಮರಾಯ ವರ್ಷಾನುಗಟ್ಟಲೆ ನಮ್ಮನಮ್ಮೊಳಗ ಜಗಳ ಹಚ್ಚಿದ. ನಾವು ಒಂದಾಗದ ಅವ್ನಿಗೆ ಹೂವಿನ ಹಾರ ಹಾಕಬೇಕಿತ್ತೇನು?” ಉತ್ತರಪಕ್ಷ ಹೇಳುವಷ್ಟರಲ್ಲಿ ಅಪ್ಪ ತಟ್ಟೆ ಬಿಟ್ಟು ಎದ್ದಿದ್ದರು. ಹಂಪಿಯನ್ನು ಹಾಳುಗೆಡವಿದವರ ವಕೀಲಿಯನ್ನು ಮಗನಿಗೆ ಕಲಿಸುವ ಮೇಷ್ಟ್ರು ಬೇಡವೇ ಬೇಡ ಎಂದು ಅವರು ಶಾಲೆಯ ಕಮಿಟಿಗೆ ದೂರು ಕೊಟ್ಟರು. ದೂರು ನಿಂತರೆ ಮೇಷ್ಟ್ರು ಗಂಟುಮೂಟೆ ಕಟ್ಟಬೇಕಿತ್ತು.

ಕಮಿಟಿಯ ಮುಂದೆ ವಿಚಾರಣೆಯಾದ ದಿನ, ತರಗತಿಯಲ್ಲಿ ನಡೆಯುವುದನ್ನು ಹೇಳಲು ನನ್ನನ್ನೂ ಕರೆದಿದ್ದರು. ಅಧ್ಯಕ್ಷರು ಊರಿನ ವಕೀಲರು. ಅವರಿಗೆ ಯಾವುದೋ ಮದುವೆಗೆ ಹೋಗುವ ಅವಸರ. ನಾನು ಕೊಟ್ರಬಸಪ್ಪನವರ ವಾದವನ್ನು ತುಂಡು ತುಂಡು ಮಾಡುವಷ್ಟು ತಯಾರಾಗಿ ಹೋಗಿದ್ದೆ.

ಮೇಷ್ಟ್ರು ಎದ್ದರು. ಎದ್ದವರು ಕೊಟ್ರಬಸಪ್ಪನವರ ಕಡೆ ತಿರುಗಿ ಅವರ ಮಾತನ್ನೇ ಆಡತೊಡಗಿದರು.

“ಸಾಹುಕಾರ್ರು ಹೇಳೋದು ಇಷ್ಟ್ರಿ. ಹಂಪಿಗೆ ಹೋದಾಗೆಲ್ಲ ಮುರಿದ ಕೈ, ಒಡೆದ ಮಾರಿ ನೋಡಿ ಅವ್ರ ಹೊಟ್ಟಿ ಉರೀತೈತಿ. ಸೋತವ್ರಿಗೆ ಉಳಿಯೋದು ನೆನಪೊಂದ. ಆ ನೆನಪನ್ನೂ ಮಕ್ಕಳ ಬಾಯಿಂದ ಗೆದ್ದವ್ರ ಮಾತಾಗಿ ಹೊರಡಿಸಿದ್ರ, ಹಂಪಿ ಎರಡನೇ ಸಲ ಬಿದ್ದಂಗಲ್ಲೇನು? ಸಾಹುಕಾರ್ರ, ಸರಿ ಹೇಳಿದ್ನ್ಯಾ?”

ಕೊಟ್ರಬಸಪ್ಪನವರ ಬಾಯಿ ಅರೆತೆರೆದಿತ್ತು. ಆ ಮಾತು ಅವರ ಎದೆಯಲ್ಲಿತ್ತೇ ಹೊರತು ನಾಲಗೆಗೆ ಎಂದೂ ಬಂದಿರಲಿಲ್ಲ ಎಂದು ಕಾಣುತ್ತದೆ. ಶಲ್ಯದಿಂದ ಮುಖ ಒರೆಸಿಕೊಂಡು, “ಹೌದ್ರಿ. ಇದ ನನ್ನ ಮಾತು” ಎಂದರು.

ಮೇಷ್ಟ್ರು “ಉತ್ತರ ಹೇಳ್ಲ್ಯಾ?” ಎಂದು ಅವರನ್ನು ಕೇಳಿ, ಕೈಕಟ್ಟಿ ಸುಮ್ಮನೆ ನಿಂತರು.

ಅಧ್ಯಕ್ಷರು ಮೇಜು ತಟ್ಟಿದರು. “ಆತಲ್ರಿ, ಮೇಷ್ಟ್ರು ತಪ್ಪು ಒಪ್ಪಿಕೊಂಡ್ರು. ಇನ್ನೇನೈತಿ? ಏಳ್ರಿ, ಹೊತ್ತಾತು.” ಕುರ್ಚಿಗಳು ಕರಕರ ಎಂದವು. ನನಗೆ ಕೂಗಬೇಕೆನಿಸಿತು. ಮೇಷ್ಟ್ರ ಮುಖ ನೋಡಿದೆ. ಅವರು ಅಧ್ಯಕ್ಷರ ಕಡೆ ತಿರುಗಲೇ ಇಲ್ಲ. ಹೂಂ ಅನ್ನಬೇಕಾದವರು ಅಧ್ಯಕ್ಷರಲ್ಲವಲ್ಲ! ಅನ್ನ ಹೋಗುವ ಹೊತ್ತಿನಲ್ಲೂ ಈ ಮನುಷ್ಯ ತನ್ನ ನಿಯಮಕ್ಕೆ ಅಂಟಿಕೊಂಡು ನಿಂತಿದ್ದರು. ಇದು ಹುಂಬತನ ಎಂದು ನಾನು ಅಂದುಕೊಳ್ಳುತ್ತಿರುವಾಗಲೇ ಹಿಂದಿನಿಂದ ಗುಡುಗು ಕೇಳಿಸಿತು.

“ಕುಂದರ್ರಿ ವಕೀಲ್ರ!” ಕೊಟ್ರಬಸಪ್ಪನವರು ಎದ್ದು ನಿಂತಿದ್ದರು. “ನನ್ನ ಮಾತು ನನಗಿಂತ ಛಲೋ ಹೇಳಿದ ಮನಷ್ಯಾ ಇನ್ನೂ ನಿಂತಾನ. ಅವನ ಮಾತು ಕೇಳದ ಹೆಂಗ ಏಳತೀರಿ? ಹೇಳ್ರಿ ಮೇಷ್ಟ್ರ, ಹೂಂ.”

ಮೇಷ್ಟ್ರ ಉತ್ತರ ಚಿಕ್ಕದು. “ಒಬ್ಬ ಸುಲ್ತಾನ ಬಂದಿದ್ರ ಹಂಪಿ ಬೀಳ್ತಿದ್ದಿಲ್ರಿ. ತಮ್ಮತಮ್ಮೊಳಗ ಬಡಿದಾಡೋರು ಒಂದಾಗಿ ಬಂದ್ರು. ಅವ್ರು ಯಾಕ ಒಂದಾಗಾಕ್ಹತ್ಯಾರ ಅಂತ ಆಗ ನಮ್ಮ ಕಡಿ ಯಾರಾರ ಕೇಳಿದ್ರೋ ಇಲ್ಲೋ ನನಗ ಗೊತ್ತಿಲ್ಲ. ಕೇಳೋ ಮಂದಿ ಇರ್ಲಿ ಅಂತ ಹುಡುಗ್ರಿಗೆ ಕಲಸ್ತೀನಿ. ಹಂಪಿ ಮ್ಯಾಲಿನ ನನ್ನ ಹೊಟ್ಟಿ ಉರಿ ನಿಮ್ಮದಕ್ಕಿಂತ ಕಡಿಮಿ ಇಲ್ಲ.”

ಕೊಟ್ರಬಸಪ್ಪನವರು ಶಲ್ಯವನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. “ನಾ ಒಪ್ಪಂಗಿಲ್ಲ” ಎಂದರು. “ಆದ್ರ ದೂರು ವಾಪಸ್. ಶನಿವಾರ ನಾನೂ ಬರ್ತೀನಿ, ಉತ್ತರ ಕೊಡಾಕ.”

ಬಂದರು ಕೂಡ. ಹಿಂದಿನ ಬೆಂಚಿನಲ್ಲಿ, ಅವರ ಗಾತ್ರಕ್ಕೆ ಬೆಂಚೇ ಬಾಗುವಂತೆ ಕೂತು, ರಾಮರಾಯನ ಪರ ವಾದಿಸಿದರು. ಸೋತೆನೆಂದು ಒಂದು ದಿನವೂ ಒಪ್ಪಲಿಲ್ಲ. ಬರುವುದನ್ನು ಬಿಡಲೂ ಇಲ್ಲ.

ಇದನ್ನು ಚರಿತ್ರೆಯ ತಿರುವು ಎಂದು ಕರೆದರೆ ಮೇಷ್ಟ್ರೇ ನನ್ನ ಕಿವಿ ಹಿಂಡುತ್ತಿದ್ದರು. ಒಂದು ಪುರಾವೆಯಿಂದ ಸಿದ್ಧಾಂತ ಕಟ್ಟಬಾರದು. ಇರಲಿ. ನೋಡಿದ್ದನ್ನು ನೋಡಿದೆ ಎಂದಷ್ಟೇ ಹೇಳುತ್ತೇನೆ.

ಈ ದಿನ ಬೆಳಿಗ್ಗೆ ಇಲ್ಲಿ, ಮದರಾಸಿನ ನಮ್ಮ ಕಾಲೇಜು ಹಾಸ್ಟೆಲಿನಲ್ಲಿ, ಕಂಪ್ಲಿಯ ಗೆಳೆಯನೊಬ್ಬ ತನ್ನೂರಿನ ಕುಮಾರರಾಮನನ್ನು ಹೊಗಳುತ್ತಿದ್ದ. ಮರೆಹೊಕ್ಕ ಪರದೇಶಿಯನ್ನು ಕಂಪ್ಲಿಯವರು ದಿಲ್ಲಿಗೆ ಒಪ್ಪಿಸಲಿಲ್ಲ, ದಂಡಿಗೆ ಎದೆಕೊಟ್ಟು ಸತ್ತರು ಎಂಬ ಕಥೆ. “ಒಬ್ಬನಿಗಾಗಿ ರಾಜ್ಯವನ್ನೇ ಸುಟ್ಟ ಜಾಣರು!” ಎಂದು ನಾನು ಎಲ್ಲರನ್ನೂ ನಗಿಸಿದೆ. ಸಂಜೆ ಇದನ್ನೆಲ್ಲ ಇಲ್ಲಿಯವರೆಗೆ ಬರೆದವನು ಎದ್ದು ಅವನ ಕೋಣೆಗೆ ಹೋದೆ. “ನಿನ್ನ ಮಾತು ನಾನು ಹೇಳ್ತೀನಿ, ತಪ್ಪಿದ್ರ ತಿದ್ದು” ಎಂದೆ.

“ಕುಮಾರರಾಮ ಭಾಳ ಶೂರ ಅಂತೀಯಲ್ಲ?”

“ಅಲ್ಲಲೇ.”

“ನಿಮ್ಮೂರಿನ ಹೆಮ್ಮಿ ಅಂತ?”

“ಅದೂ ಅಲ್ಲ.”

ಮೂರನೆಯ ಸಲ ಹುಷಾರಾಗಿ ಹೇಳಿದೆ. “ನಂಬಿ ಬಂದವನ್ನ ಒಪ್ಪಿಸಿಬಿಟ್ಟ ಮ್ಯಾಲ, ಉಳಿದ ರಾಜ್ಯದಾಗ ಕಾಯಾಕ ಏನಿರ್ತೈತಿ ಅಂತ?”

ಅವನು ನನ್ನನ್ನೇ ನೋಡಿದ. ತಲೆಯಾಡಿಸಿದ. “ಹೂಂ, ಈಗ ಉತ್ತರ ಹೇಳು.”

ಉತ್ತರ ನನ್ನಲ್ಲಿತ್ತು, ಬೆಳಿಗ್ಗೆಯದೇ. ಬಾಯಿ ತೆರೆದೆ. ನಾಲ್ಕು ಜನರನ್ನು ನಗಿಸಿದ್ದ ಆ ಮಾತು, ಅವನೊಬ್ಬನ ಎದುರಿಗೆ ಹೊರಬರಲು ನಾಚಿಕೊಂಡಿತು.

“ತಡಿ,” ಎಂದು ಅವನ ಮಂಚದ ಮೇಲೆ ಕೂತೆ. “ಯೋಚನೆ ಮಾಡ್ತೀನಿ.”