ಚೆಂಡಿನವರು, ನೆಲದವರು

ಕಳೆದ ಮಾರ್ಚ್ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ, ಲಾಯಿಲದ ಒಂದು ಸಭಾಭವನದಲ್ಲಿ ಇಪ್ಪತ್ತನಾಲ್ಕು ಮಹಿಳೆಯರ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಲಾಯಿತು. ಎಲ್ಲರದ್ದೂ ಇಳಿದಿತ್ತು. ಬರೆದುಕೊಳ್ಳುತ್ತಿದ್ದ ಮಾಸ್ಟರರ ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ಯೌವನದಲ್ಲಿ ಭಾರದ ಸರಳು ಕುಳಿತು ಕುಳಿತು ಕಪ್ಪಗೆ ದಡ್ಡುಗಟ್ಟಿದ ಕೊರಳೆಲುಬು ಕಾಣುತ್ತಿತ್ತು. ಕೊನೆಯ ಹೆಸರು ಬರೆದು ಅವರು ಪೆನ್ನು ಮುಚ್ಚಿದರು. ಮುಖದಲ್ಲಿ ಸಂತೋಷ ಇರಲಿಲ್ಲ.

ಮೂಡುಬಿದಿರೆಯ ಶಾಲೆಯಲ್ಲಿ ನನಗೆ ಡ್ರಿಲ್ ಕಲಿಸಿದವರು ಅವರು. ಒಂದು ಕ್ರೀಡಾಕೂಟದಲ್ಲಿ ಸಮಯ ಬರೆಯುವ ಕೆಲಸ ನನ್ನದಾಗಿತ್ತು. ಗೆಳೆಯನಿಗೆ ಅರ್ಧ ಸೆಕೆಂಡು ಕಡಿಮೆ ಬರೆದೆ. ಮಾಸ್ಟರ್ ಬೈಯಲಿಲ್ಲ, ಓಟದ ಎಂಟೂ ಮಂದಿಯನ್ನು ಮತ್ತೆ ಓಡಿಸಿದರು. ಗೆಳೆಯ ಐದನೆಯವನಾದ. "ಗಡಿಯಾರ ಹೇಳಿದ್ದನ್ನು ಬರಿ. ನಿನ್ನ ಮನಸ್ಸು ಹೇಳಿದ್ದು ಬೇಡ" ಎಂದರು. ಪತ್ರಿಕೆ ಸೇರಿದ ಮೇಲೆ ನನಗೆ ಅದನ್ನು ಬೇರೆ ಯಾರೂ ಕಲಿಸಬೇಕಾಗಲಿಲ್ಲ.

ನಿವೃತ್ತಿಯ ನಂತರ ಅವರು ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಲಾಯಿಲಕ್ಕೆ ಬರುತ್ತಿದ್ದರು. ಮೂವತ್ತು ವರ್ಷ ಕಾಲು ಮಡಚಿ ಕುಳಿತು ಬೀಡಿ ಕಟ್ಟಿದ ಹೆಂಗಸರಿಗೆ ಭಾರ ಎತ್ತುವ ವ್ಯಾಯಾಮ ಹೇಳಿಕೊಡುತ್ತಿದ್ದರು. ಹೆಚ್ಚಿನವರಿಗೆ ಮಂಡಿನೋವು, ಸಕ್ಕರೆ ಕಾಯಿಲೆ. ದುಬೈಯಲ್ಲಿದ್ದ ಹಳೆಯ ಶಿಷ್ಯನೊಬ್ಬ ಗಾಳಿ ತುಂಬುವ ಹನ್ನೆರಡು ದೊಡ್ಡ ಚೆಂಡು ಕಳುಹಿಸಿದ. ಅಲುಗಾಡುವ ಚೆಂಡಿನ ಮೇಲೆ ಕುಳಿತು ಭಾರ ಎತ್ತಿದರೆ ಲಾಭ ಜಾಸ್ತಿ ಎಂಬುದು ಅವನ ವಾದ. ಅದೇ ಸಮಯದಲ್ಲಿ ಕಕ್ಕಿಂಜೆಯ ಹೆಂಗಸರು ತಮ್ಮಲ್ಲಿಗೂ ಬರಬೇಕೆಂದು ಕೇಳಿದ್ದರು. ಚೆಂಡು ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಬೆಂಚು, ಭಾರಕ್ಕೆ ಮರಳಿನ ಚೀಲ ಸಾಕಾಗುತ್ತದೋ ಇಲ್ಲವೋ ತಿಳಿದೇ ಉತ್ತರ ಕೊಡುತ್ತೇನೆ ಎಂದರು ಮಾಸ್ಟರ್.

ಹನ್ನೆರಡು ಮಂದಿ ಬೆಂಚಿನ ಮೇಲೆ, ಹನ್ನೆರಡು ಮಂದಿ ಚೆಂಡಿನ ಮೇಲೆ. ಅದೇ ಭಾರ, ಅದೇ ಎಣಿಕೆ, ಮೂರು ತಿಂಗಳು. ಹೆಂಗಸರೇ ತಮ್ಮನ್ನು ನೆಲದವರು, ಚೆಂಡಿನವರು ಎಂದು ಕರೆದುಕೊಂಡರು. ಮೊದಲ ದಿನ ಸಕ್ಕರೆ, ಸೊಂಟದ ಸುತ್ತಳತೆ, ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಏಳುತ್ತಾರೆ ಎಂಬ ಲೆಕ್ಕ ಬರೆದುಕೊಂಡರು. ಕೊನೆಯ ಅಳತೆಯ ದಿನ ಹೆಂಗಸರಿಗೆ ಹೇಳಿರಲಿಲ್ಲ, ನನಗೆ ಮಾತ್ರ ಹೇಳಿದ್ದರು.

ಹೆಂಗಸರಿಗೆ ಹೇಳಿದವನು ನಾನು. ಬಿ.ಸಿ.ರೋಡಿನ ನಮ್ಮ ಕಚೇರಿಯಿಂದ ಭಾನುವಾರದ ಸ್ಥಳೀಯ ಪುಟಕ್ಕೆ ನಾಲ್ಕು ಸಾಲು ಕಳುಹಿಸಿದ್ದೆ: "ನಾಳೆ ಲಾಯಿಲದಲ್ಲಿ ವ್ಯಾಯಾಮದ ಫಲಿತಾಂಶ ಪರೀಕ್ಷೆ."

"ನಿನ್ನೆ ಎಂತ ತಿಂದದ್ದು?" ಪೆನ್ನು ಮುಚ್ಚಿದ ಮಾಸ್ಟರ್ ಚೆಂಡಿನವರ ಪೈಕಿ ಎದುರಿಗಿದ್ದ ಐಸಮ್ಮನನ್ನು ಕೇಳಿದರು.

"ಎಂತದೂ ಇಲ್ಲ ಮಾಸ್ಟ್ರೇ. ಪರೀಕ್ಷೆ ಅಲ್ವಾ? ನಿಮ್ಮ ಮರ್ಯಾದೆ ತೆಗೀಬಾರ್ದಲ್ಲ."

"ನೆಲದವರು?"

"ನಾವು ಹಾಗಲಕಾಯಿ ರಸ ಮಾತ್ರ ಕುಡಿದದ್ದು," ಎಂದರು ಸರಸಕ್ಕ. "ಚೆಂಡಿನವರಿಗಿಂತ ಕಡಿಮೆ ಮಾರ್ಕ್ ಬಂದ್ರೆ ಐಸಮ್ಮ ಬಿಡ್ಲಿಕ್ಕುಂಟಾ?"

"ಸೊಂಟ ಅಳೆಯುವಾಗ ಉಸಿರು ಎಳ್ಕೊಂಡದ್ದು ಹೇಳು," ಎಂದರು ಐಸಮ್ಮ. ಸಭಾಭವನ ನಕ್ಕಿತು.

ಹಸಿದು ಬಂದ ಕಾಲುಗಳು ಕುರ್ಚಿಯಿಂದ ಏಳುವುದರಲ್ಲಿ ಮಾತ್ರ ಸುಳ್ಳು ಹೇಳಲಿಲ್ಲ. ಮೊದಲ ದಿನಕ್ಕಿಂತ ಎಲ್ಲರೂ ಕಡಿಮೆ ಸಲ ಎದ್ದಿದ್ದರು. ಮೂರು ತಿಂಗಳ ಕೆಲಸದಿಂದ ಏನೂ ತಿಳಿಯದಂತಾಯಿತು. ಮಾಸ್ಟರ್ ಆ ಪುಟದ ಮೇಲೆ ಉದ್ದಕ್ಕೆ ಗೆರೆ ಎಳೆದರು. ನನ್ನ ಕಡೆ ನೋಡಿ, "ದಿನ ಹಾಕದೆ ಸುದ್ದಿ ಆಗುವುದಿಲ್ವಾ ನಿಮಗೆ?" ಎಂದು ಕೇಳಿದರು. ಶಾಲೆಯಲ್ಲಿ ನನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದವರು.

ತಪ್ಪು ಸರಿಪಡಿಸಲು ನಾನು ಅವಸರ ಮಾಡಿದೆ. ನಲವತ್ತು ವರ್ಷದ ಅನುಭವ ಉಂಟಲ್ಲ, ನಿಮಗೆ ಅನಿಸಿದ್ದನ್ನೇ ಕಕ್ಕಿಂಜೆಯವರಿಗೆ ಹೇಳಿಬಿಡಿ ಎಂದೆ. ಫೋನಿನಲ್ಲಿ ಎರಡು ಸಲ, ಎದುರಿಗೆ ಒಂದು ಸಲ. ಅವರು ಒಪ್ಪಲಿಲ್ಲ.

"ನನಗೆ ಅನಿಸಿದ್ದು ಅವರ ಮಂಡಿಗೆ ಗೊತ್ತುಂಟಾ ಮಾರಾಯ? ಇನ್ನೊಮ್ಮೆ ಮಾಡುವ."

ನನಗೆ ಸಿಟ್ಟು ಬಂತು. ನೆಲವೇ ಸಾಕು ಎಂದು ಅವರು ಒಂದು ಮಾತು ಹೇಳಿದ್ದರೆ ಆ ವಾರವೇ ಮರಳಿನ ಚೀಲ ಹೊಲಿಯಲು ಕಕ್ಕಿಂಜೆಯವರು ಸಿದ್ಧರಿದ್ದರು. ಆ ಒಂದು ಮಾತು ಅವರ ಬಾಯಿಂದ ಬರಲಿಲ್ಲ.

ಜೂನ್‌ನಲ್ಲಿ ಮೊದಲಿನಿಂದ ಆರಂಭಿಸಿದರು. ಐಸಮ್ಮ, ಸರಸಕ್ಕ ಸೇರಿ ಎಲ್ಲರೂ ಬಂದರು. ಆಗಸ್ಟ್ ಮೂರನೇ ವಾರ, ಅಳತೆಗೆ ಇನ್ನೂ ದಿನಗಳಿದ್ದಾಗ, ಮಾಸ್ಟರ್ ಮೂಡುಬಿದಿರೆಯ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಯಾವ ದಿನ ಅಳೆಯಬೇಕೆಂದಿದ್ದರು ಎಂಬುದನ್ನು ಅವರು ಈ ಸಲ ನನಗಾಗಲಿ ಮನೆಯವರಿಗಾಗಲಿ ಹೇಳಿರಲಿಲ್ಲ.

ಕಕ್ಕಿಂಜೆಯಲ್ಲಿ ತರಗತಿ ಇನ್ನೂ ಆರಂಭವಾಗಿಲ್ಲ.